ಶಾಲು ಮೈಮೇಲಿರುವಷ್ಟು ಹೊತ್ತು

ಆಗಸ್ಟ್ 4, ಸೋಮವಾರ

ಇವತ್ತು ನನ್ನ ಬಾಯಿ ಕಟ್ಟಿದರು.

ಹೊನ್ನೂರಿನ ಶೂಟಿಂಗ್ ಮನೆಯಲ್ಲಿ ಮಧ್ಯಾಹ್ನದ ಊಟ ಮುಗಿಸಿ ಕೈ ತೊಳೆಯುತ್ತಿದ್ದೆ. ನಿರ್ದೇಶಕ ಮಹದೇವಪ್ರಸಾದ್ ಪಕ್ಕಕ್ಕೆ ಕರೆದ. ಯಳಂದೂರಿನ ಹುಡುಗನೇ, ಬೆಂಗಳೂರಿನಲ್ಲಿ ಕಲಿತು ಬಂದವನು, ಅದಕ್ಕೇ ಧಾರಾವಾಹಿಯನ್ನು ಈ ಸೀಮೆಗೆ ತಂದಿದ್ದಾನೆ. "ಸರ್, ಇನ್ನು ನಿಮ್ಮ ಯಜಮಾನ್ರ ಪಾತ್ರಕ್ಕೆ ಲಕ್ವ ಹೊಡೆಯುತ್ತೆ. ಎಡಗೈ, ಎಡಗಾಲು ಹೋಗುತ್ತೆ. ಮಾತೂ ಹೋಗುತ್ತೆ" ಅಂದ. ಸಾರಿಗೆ ಉಪ್ಪು ಕಮ್ಮಿ ಅನ್ನುವಷ್ಟು ಸಲೀಸಾಗಿ ಅಂದ.

ಧಾರಾವಾಹಿಯಲ್ಲಿ ವಯಸ್ಸಾದವರು ಹಾಸಿಗೆ ಹಿಡಿದರೆ ಮುಂದಿನ ಜಾಗ ಗೋಡೆ. ಒಂದು ಫೋಟೋ, ಅದಕ್ಕೊಂದು ಪ್ಲಾಸ್ಟಿಕ್ ಹಾರ, ಮೇಲೊಂದು ಕೆಂಪು ಬಲ್ಬು. ಹನೂರಿನ ಶಾಂತಮೂರ್ತಿ ಇದರಲ್ಲಿ ನನ್ನ ತಮ್ಮನ ಪಾತ್ರ ಮಾಡುತ್ತಿದ್ದ. ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡು ರಜೆ ಕೇಳಿದ. ರಜೆ ಕೊಡಲಿಲ್ಲ, ಹಾರ ಹಾಕಿದರು. ಈಗ ನಾನು ಊಟಕ್ಕೆ ಕೂರುವ ದೃಶ್ಯದಲ್ಲೆಲ್ಲ ಅವನು ಗೋಡೆಯ ಮೇಲಿಂದ ನನ್ನ ತಟ್ಟೆಯನ್ನೇ ನೋಡುತ್ತಿರುತ್ತಾನೆ.

ನನ್ನ ಮುಖ ಕಂಡು ಹುಡುಗ ನಕ್ಕ. "ಗಾಬರಿಯಾಗ್ಬೇಡಿ ಸರ್. ಒಂದು ತಿಂಗಳು ಮಲಗಿರ್ತೀರಿ ಅಷ್ಟೆ. ಮಕ್ಕಳು ಆಸ್ತಿ ಭಾಗ ಮಾಡೋ ದಿನ ನಿಮಗೆ ಮಾತು ಬರುತ್ತೆ. ಎರಡು ಪುಟ ಡೈಲಾಗ್, ನೀವೊಬ್ಬರೇ. ಕೊಳ್ಳೇಗಾಲದ ಕಡೆ ಮಾತಲ್ಲೇ ಬರೆಸ್ತಿದ್ದೀನಿ."

ಎರಡು ಪುಟ. ಬಸ್ಸಿನಲ್ಲಿ ಕೊಳ್ಳೇಗಾಲದವರೆಗೂ ಅದನ್ನೇ ಮೆಲುಕು ಹಾಕಿದೆ. ಊರ ನಾಟಕದಲ್ಲೂ ನನಗೆ ಸಿಕ್ಕಿದ್ದು ದೂತನ ಪಾತ್ರ. ಸಿನಿಮಾಕ್ಕೆ ಹೋದ ಮೇಲೆ ಕಾನ್‌ಸ್ಟೇಬಲ್, ಪೋಸ್ಟ್‌ಮನ್, ಹೆಣ್ಣಿನ ಕಡೆಯ ಮಾವ, ಪಂಚಾಯ್ತಿ ಕಟ್ಟೆಯ ಮೇಲೆ ಮೂರನೆಯವನು. "ಆಗ್ಲಿ ಸಾ", "ಇಲ್ಲ ಬುದ್ದಿ", "ಅಯ್ಯೋ ಮಗಳೆ". ಮೂವತ್ತು ವರ್ಷ ಇಷ್ಟೇ ಮಾತಾಡಿದ್ದೇನೆ. ಬಸ್ಸಲ್ಲಿ ಜನ ಗುರುತು ಹಿಡಿಯುತ್ತಾರೆ, ಹೆಸರು ಮಾತ್ರ ಗೊತ್ತಿರುವುದಿಲ್ಲ. "ನಿಮ್ಮನ್ನ ಎಲ್ಲೋ ನೋಡಿದ್ದೀನಲ್ಲ" ಅನ್ನುತ್ತಾರೆ. ಈ ಎರಡು ಪುಟ ಮುಗಿಯಲಿ, ಆಮೇಲೆ ರುದ್ರಸ್ವಾಮಿ ಅಂತಲೇ ಕರೆಯುತ್ತಾರೆ.

ಒಂದು ತಿಂಗಳು ತಾನೇ. ಮಲಗುತ್ತೇನೆ.

ಆಗಸ್ಟ್ 6

ಪಾತ್ರದ ಕಂದು ಶಾಲನ್ನು ಮನೆಗೆ ತಂದಿದ್ದೇನೆ. ಪಾತ್ರವನ್ನು ಮನೆಗೆ ತಂದು ಅನ್ನ ಹಾಕಿ ಸಾಕದೆ ಸೆಟ್ಟಿನಲ್ಲೇ ಹಡೆಯುತ್ತೇನೆ ಅನ್ನುವ ಈಗಿನ ಹುಡುಗರ ಜಾತಿ ನನ್ನದಲ್ಲ.

ಸಂಗತಿ ತಿಳಿದಾಗಿನಿಂದ ಹೆಂಡತಿ ಶಿವರತ್ನಮ್ಮನ ಮುಖ ಊದಿದೆ. ಸೀರೆಗೆ ಕುಚ್ಚು ಕಟ್ಟುತ್ತಾ ಕೂತವಳು ತಲೆ ಎತ್ತದೆ ಹೇಳಿದಳು, "ಸಾಯೋ ಪಾರ್ಟು ಮಾಡಿ, ಬ್ಯಾಡ ಅನ್ನಕಿಲ್ಲ. ಅದು ಒಂದೇ ಸರ್ತಿ, ಮುಗ್ದೋಯ್ತದೆ. ತಿಂಗ್ಳುಗಟ್ಲೆ ಕಾಯ್ಲೆ ಪಾರ್ಟು ಮಾಡುದ್ರ ಮೈಗ ಹತ್ಕತ್ತದ ಕಣ್ರಿ."

"ಕಾನ್‌ಸ್ಟೇಬಲ್ ಪಾರ್ಟು ಅಷ್ಟು ಮಾಡಿದೆನಲ್ಲ, ಪೊಲೀಸ್ ಕೆಲಸ ಹತ್ತಿಕೊಂಡಿತಾ?" ಅಂದೆ. ನಗಲಿಲ್ಲ ಮಹರಾಯ್ತಿ.

ನಮ್ಮ ಮನೆಯಲ್ಲಿ ಒಂದು ಕಾನೂನಿದೆ. ಪಾತ್ರದ ಬಟ್ಟೆ ನನ್ನ ಮೈಮೇಲಿರುವಷ್ಟು ಹೊತ್ತು ಅವಳು ನನ್ನನ್ನು ಮಾತಾಡಿಸಬಾರದು, ಮುಟ್ಟಬಾರದು, ಏನೇ ಆಗಲಿ. ಬಟ್ಟೆ ತೆಗೆದಿಟ್ಟು ಅವಳ ಕಡೆ ನೋಡಿ ನಕ್ಕರೆ ಗಂಡ ವಾಪಸ್ ಬಂದ ಅಂತ ಲೆಕ್ಕ. ಇದು ಸುಮ್ಮನೆ ಬಂದ ಕಾನೂನಲ್ಲ. ಹಿಂದೆ ಹಾವು ಕಚ್ಚಿ ಸಾಯುವ ಪಾತ್ರ ಸಿಕ್ಕಿತ್ತು. ಪಡಸಾಲೆಯಲ್ಲಿ ಸೋಪಿನ ನೊರೆ ಬಾಯಿಗಿಟ್ಟುಕೊಂಡು ಅಭ್ಯಾಸ ಮಾಡುತ್ತಿದ್ದರೆ ಇವಳು ಬೀದಿಗೆ ಓಡಿ ಎದೆ ಎದೆ ಬಡಿದುಕೊಂಡಳು. ಮಗ್ಗ ಬಿಟ್ಟು ಗಂಡಸರೆಲ್ಲ ಬಂದರು. ಒಬ್ಬ ಕಾಲಿಗೆ ಹಗ್ಗ ಬಿಗಿದ, ಇನ್ನೊಬ್ಬ ಆಟೋ ತಂದ. ನಾನೆದ್ದು ಇಡೀ ಬೀದಿಯ ಎದುರಿಗೆ ಅವಳಿಗೆ ಚೆನ್ನಾಗಿ ಗ್ರಹಚಾರ ಬಿಡಿಸಿದೆ. ನಟನ ಹೆಂಡತಿಯಾಗಿ ನಟನೆ ಯಾವುದು ನಿಜ ಯಾವುದು ಗೊತ್ತಾಗದ ದಡ್ಡಿ ಅಂದೆ. ಅವತ್ತಿನಿಂದ ಇವತ್ತಿನವರೆಗೆ ಒಮ್ಮೆಯೂ ತಪ್ಪಿಲ್ಲ. ಕಳೆದ ವರ್ಷ ಶಾನುಭೋಗನ ಕೋಟು ಹಾಕಿಕೊಂಡಿದ್ದಾಗ ಒಲೆಯ ಮೇಲೆ ಹಾಲು ಉಕ್ಕುತ್ತಿದ್ದರೂ ನನ್ನನ್ನು ದಾಟಿ ಹೋಗಲಿಲ್ಲ, ಹಿತ್ತಲ ಕಡೆಯಿಂದ ಸುತ್ತಿ ಬಂದಳು.

ಈ ದಿನಚರಿಗೂ ಅದೇ ಕಾನೂನು. ನಾನು ಬರೆಯಲು ಕೂತರೆ ಸ್ನಾನ ಮಾಡುವವರನ್ನು ಕಂಡ ಹಾಗೆ ಮುಖ ಆ ಕಡೆ ಮಾಡಿಕೊಳ್ಳುತ್ತಾಳೆ.

ಆಗಸ್ಟ್ 9

ಲಕ್ವ ಹೊಡೆಯುವ ದೃಶ್ಯ ಒಂದೇ ಟೇಕಿಗೆ ಓಕೆ ಆಯಿತು. ಕೈಯಲ್ಲಿನ ಚೊಂಬು ಜಾರುವುದು, ಎಡ ಮಗ್ಗುಲಿಗೆ ಕುಸಿಯುವುದು, ಸೊಸೆಯ ಹೆಸರು ಹಿಡಿದು ಕೂಗಲು ಹೋಗಿ "ಆ... ಆ..." ಅನ್ನುವುದು. ಸೊಸೆಯ ಪಾತ್ರದ ಯಶೋದ ಗ್ಲಿಸರಿನ್ ಇಲ್ಲದೆ ಅತ್ತಳು. ಯಳಂದೂರಿನ ಕಡೆಯವಳು, ಬೀದಿ ನಾಟಕದಿಂದ ಬಂದವಳು, ಪರವಾಗಿಲ್ಲ.

ಸಾವು, ಕಾಯಿಲೆ ಇಂಥ ದೃಶ್ಯ ಮುಗಿದ ಕೂಡಲೇ ನಟ ಕ್ಯಾಮೆರಾ ನೋಡಿ ಒಮ್ಮೆ ನಗಬೇಕು. ಇಲ್ಲದಿದ್ದರೆ ಕೆಟ್ಟದ್ದು ಅಂಟಿಕೊಳ್ಳುತ್ತದೆ ಅಂತ ನಮ್ಮವರ ನಂಬಿಕೆ. ನಾನು ಎದ್ದು ಬಾಯಿ ತುಂಬ ನಕ್ಕೆ. ಯೂನಿಟ್ಟಿನವರೆಲ್ಲ ಚಪ್ಪಾಳೆ ತಟ್ಟಿದರು. ಕಾಸ್ಟ್ಯೂಮಿನ ಪ್ರೇಮಾ ನಿಂಬೆಹಣ್ಣು ನಿವಾಳಿಸಿ ಬೀದಿಗೆ ಎಸೆದಳು.

ನನಗೆ ಚಪ್ಪಾಳೆ. ನೆನೆಸಿಕೊಂಡರೆ ಈಗಲೂ ಕಿವಿ ಬೆಚ್ಚಗಾಗುತ್ತದೆ.

ಆಗಸ್ಟ್ 14

ಯಳಂದೂರು ಬಸ್ ಸ್ಟ್ಯಾಂಡಿನಲ್ಲಿ ಒಂದು ತಮಾಷೆ. ಬಸ್ಸಿಳಿದು ಆಟೋ ಹತ್ತಿರ ಬಂದಾಗ ಕಂಡಕ್ಟರ್ ಕೂಗಿದ, "ಸಾ, ಚಪ್ಪಲಿ." ನೋಡಿದರೆ ಬಲಗಾಲಿನ ಚಪ್ಪಲಿ ಬಸ್ಸಿನ ಮೆಟ್ಟಿಲ ಮೇಲೇ ಉಳಿದಿದೆ. ಬರಿಗಾಲಲ್ಲಿ ಅಷ್ಟು ದೂರ ನಡೆದಿದ್ದೇನೆ, ಕಲ್ಲೊಂದೂ ಚುಚ್ಚಿಲ್ಲ.

"ಬೆಳಗ್ಗೆ ಬೆಳಗ್ಗೆನೇ ಸುರು ಅಚ್ಕಬುಟ್ರಾ ಸಾ?" ಅಂದ ಕಂಡಕ್ಟರ್. ಕುಡಿಯುವವನಲ್ಲ ಅಂತ ಹಣೆಯ ವಿಭೂತಿ ತೋರಿಸಿ ಬೈದೆ. ಬೈಗುಳ ಸ್ವಲ್ಪ ದಪ್ಪಗೆ ಬಂತು, ನಾಲಿಗೆ ಇನ್ನೂ ಪಾತ್ರದಲ್ಲೇ ಇತ್ತು. ಅವನು ಇನ್ನೂ ನಕ್ಕ. ಹೊನ್ನೂರು ಸೇರುವ ಹೊತ್ತಿಗೆ ಸರಿಹೋಯಿತು.

ಆಗಸ್ಟ್ 17, ಭಾನುವಾರ

ಶಾಂತಮೂರ್ತಿಯನ್ನು ನೋಡಲು ಹನೂರಿಗೆ ಹೋಗಿದ್ದೆ. ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಕೂತಿದ್ದ, ಪಕ್ಕದಲ್ಲಿ ಊರುಗೋಲು. ಒಡೆಯರಪಾಳ್ಯದ ಟಿಬೆಟಿನವರೊಬ್ಬರು ಕೊಟ್ಟ ಉಣ್ಣೆ ಟೋಪಿ ಹಾಕಿಕೊಂಡಿದ್ದ, ಆ ಬಿಸಿಲಲ್ಲಿ.

"ಲೇ ರುದ್ರ, ನಿನ್ನೆ ಟಿವಿಲಿ ನೋಡ್ದೆ ಕಣ್ಲಾ. ಯಾವಾಗಿಂದ ಇಂಗ್ ಮಾಡೋದ್ ಕಲ್ತೆ?" ಅಂದ. ಹೊಗಳುತ್ತಿದ್ದಾನೋ ಹೊಟ್ಟೆಯುರಿಯೋ ತಿಳಿಯಲಿಲ್ಲ. ಆಮೇಲೆ ದನಿ ತಗ್ಗಿಸಿದ. "ಒಂದ್ ಮಾತ್ ಯೋಳ್ತೀನಿ ಕೇಳು. ಜ್ವರ ಬರ್ಲಿ, ಕೈ ಮುರೀಲಿ, ಸೆಟ್ನಲ್ಲಿ ಬಾಯ್ ಬುಡ್ಬ್ಯಾಡ. ನಾನು ಸೊಂಟ ಅಂದೆ, ಫೋಟೋ ಮಾಡ್ಬುಟ್ರು. ನನ್ ಮೊಮ್ಮಗ ದಿನಾ ಸಂಜೆ ಕೇಳ್ತದೆ, ತಾತ ನಿಂಗ್ಯಾಕೆ ಹಾರ ಹಾಕವ್ರೆ ಅಂತ."

ಕಾಫಿ ಕೊಟ್ಟರು. ಕುಡಿಯುವಾಗ ಬಲಗಡೆ ತುಟಿಯಿಂದ ಸೋರಿ ಅಂಗಿಯ ಮೇಲೆ ಬಿತ್ತು. ಶಾಂತಮೂರ್ತಿ ಅದನ್ನೇ ನೋಡಿ, "ಮನೇಲೂ ಪಾರ್ಟ್ ಬುಡಕಿಲ್ವಲ್ಲ ನೀನು" ಅಂದ. ನಾನು ಹೆಮ್ಮೆಯಿಂದ ತಲೆಯಾಡಿಸಿದೆ. ಆದರೂ ಅವನ ಮಾತು ಹೊಟ್ಟೆಯಲ್ಲಿ ಕೂತಿದೆ. ಬಾಯಿ ಬಿಡಬಾರದು.

ಆಗಸ್ಟ್ 22

ಇವತ್ತು ನಾಚಿಕೆಗೇಡಾಯಿತು. ಆಮೇಲೆ ಮಾನವೂ ಬಂತು.

ಸೊಸೆ ಮಾವನಿಗೆ ಅನ್ನ ತಿನ್ನಿಸುವ ದೃಶ್ಯ. ಯಶೋದ ತುತ್ತಿಟ್ಟಳು, ನಾನು ಅಗಿದೆ, ಒಂದು ಕಡೆಯಿಂದ ಅನ್ನ ಜಾರಿತು, ಕೈ ಸತ್ತ ಕೋಳಿಯ ಕತ್ತಿನ ಹಾಗೆ ಮಂಚದಿಂದ ನೇತಾಡಿತು. ದೃಶ್ಯ ಪೂರ್ತಿ ಮುಗಿದ ಮೇಲೆ ಕಂಟಿನ್ಯುಟಿ ಬರೆಯುವವನು ಎದ್ದು ನಿಂತ. "ಸರ್, ಲಕ್ವ ಹೊಡೆದಿರೋದು ಎಡಗಡೆ. ಇವ್ರು ಬಲಗಡೆ ಮಾಡಿದ್ದಾರೆ."

ಎಲ್ಲರೂ ನನ್ನ ಕಡೆ ನೋಡಿದರು. ಮೂವತ್ತು ವರ್ಷದ ಅನುಭವದವನು ಎಡಬಲ ಮರೆತೆ ಅಂದರೆ ಮುಖ ಎಲ್ಲಿಡುವುದು. ಆದರೆ ನಾನು ಎಡಗೈಯನ್ನೇ ಬಿಟ್ಟಿದ್ದೆ ಅಂತ ನನ್ನ ನೆನಪು. ಬಲಗೈಯನ್ನು ನಾನು ಬಿಡಲೇ ಇಲ್ಲ.

ಮಹದೇವಪ್ರಸಾದ್ ಮಾನಿಟರಿನಲ್ಲಿ ಮತ್ತೆ ನೋಡಿದ. ನನ್ನ ಪಕ್ಕ ಬಂದು ಕೂತ. "ಸರ್, ಇದನ್ನ ನಾನು ಬಿಸಾಕಲ್ಲ. ನೀವು ಎಡಗಡೆ ಮಾಡುವಾಗ ಚೆನ್ನಾಗಿ ಮಾಡ್ತೀರಿ. ಬಲಗಡೆ ಮಾಡುವಾಗ ಮಾಡ್ತಿದ್ದೀರಿ ಅಂತಾನೇ ಗೊತ್ತಾಗಲ್ಲ. ನಿಮಗೆ ಸಲೀಸಾದ ಕಡೆ ಮಾಡಿ. ಎಡಿಟಿಂಗ್‌ನಲ್ಲಿ ಚಿತ್ರಾನೇ ತಿರುಗಿಸ್ಕೋತೀವಿ."

ಕನ್ನಡಿಯಲ್ಲಿ ಕಂಡ ಹಾಗೆ ಬಲ ಎಡವಾಗುತ್ತದಂತೆ. ಅಕ್ಷರ ಉಲ್ಟಾ ಕಾಣಬಾರದೆಂದು ಗೋಡೆಯ ಕ್ಯಾಲೆಂಡರ್ ತೆಗೆಸಿದರು. ಶಾಂತಮೂರ್ತಿಯ ಫೋಟೋದ ಬೈತಲೆಯೂ ಆ ಕಡೆಗೆ ಹೋಗುತ್ತದೆ, ಹೋಗಲಿ. ನನಗಾಗಿ ಇಡೀ ಕೋಣೆಯನ್ನು ತಿರುಗಿಸುತ್ತಾರೆ. ಒಂದು ಕಾಲದಲ್ಲಿ ನನಗೆ ಕೂರಲು ಸ್ಟೂಲ್ ಕೊಡುತ್ತಿರಲಿಲ್ಲ.

ಆಗಸ್ಟ್ 23

ಬೆಳಗ್ಗೆ ಅಂಗಿಯ ಗುಂಡಿ ಹಾಕಲು ಬಹಳ ಹೊತ್ತಾಯಿತು. ಸಂಜೆಗೆ ಸರಿಯಾಗಿದ್ದೆ.

ಆಗಸ್ಟ್ 27, ಗಣೇಶನ ಹಬ್ಬ

ಶೂಟಿಂಗಿಗೆ ರಜೆ. ಬೀದಿಯ ಹುಡುಗರು ಪೆಂಡಾಲ್ ಹಾಕಿ ಹಾಡು ಕಿರುಚಿಸುತ್ತಿದ್ದಾರೆ, ಮಗ್ಗದ ಸದ್ದೇ ವಾಸಿ.

ಶಿವರತ್ನ ಪಾಯಸದ ಲೋಟ ಕೊಟ್ಟಳು. ತೆಗೆದುಕೊಂಡೆ. ಕೆಳಗೆ ಬಿತ್ತು. ಹಿಡಿದಿದ್ದೇನೆ ಅಂತಲೇ ನಾನು ತಿಳಿದಿದ್ದೆ. ಬಿಸಿ ಪಾಯಸ ಪಾದದ ಮೇಲೆ ಚೆಲ್ಲಿತು, ಅವಳೇ "ಅಯ್ಯೋ" ಅಂದಳು, ನಾನಲ್ಲ.

ಅವಳು ನನ್ನ ಭುಜ ನೋಡಿದಳು. ಶಾಲು ಇರಲಿಲ್ಲ. "ಶಾಲು ಇಲ್ವಲ್ರಿ" ಅಂದಳು ಮೆಲ್ಲಗೆ.

"ಒಳಗೇ ಇಳಿದುಬಿಟ್ಟಿದೆ ಕಣೆ ಪಾತ್ರ. ಬಟ್ಟೆ ಬೇಕಾಗಿಲ್ಲ ಈಗ" ಅಂದೆ. ಹೇಳುವಾಗ ನನಗೂ ಸ್ವಲ್ಪ ಮೈ ಜುಂ ಅಂದಿತು. ಅವಳು ಉಪ್ಪು, ಒಣಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಘಾಟೇ ಬರಲಿಲ್ಲ, ಯಾರದೋ ದೊಡ್ಡ ಕಣ್ಣು ಬಿದ್ದಿದೆ ಅಂತ ಅತ್ತಳು. ದೃಷ್ಟಿ ತೆಗೆದ ಮೇಲೂ ಸಮಾಧಾನವಾಗಲಿಲ್ಲ. "ನಾಳೀಕ ಆಸ್ಪತ್ರಗ ಓಗಿ ತೋರುಸ್ಕಂಡು ಬಂದ್ಬುಡವ ನಡೀರಿ. ನನ್ ಮಾತ ಒಂದ್ ಸರ್ತಿ ಕೇಳಿ."

ಆಸ್ಪತ್ರೆಗೆ ಹೋದರೆ ಯಾರಾದರೂ ನೋಡುತ್ತಾರೆ. ನಮ್ಮ ಊರಲ್ಲಿ ನೋಡಿದ್ದು ಯಳಂದೂರಿಗೆ ನನಗಿಂತ ಮೊದಲು ಬಸ್ಸು ಹತ್ತುತ್ತದೆ. ಸೆಪ್ಟೆಂಬರ್ ಒಂಬತ್ತಕ್ಕೆ ಎರಡು ಪುಟದ ದೃಶ್ಯ. ಅದು ಮುಗಿಯಲಿ, ಮೈಸೂರಿಗೆ ಬೇಕಾದರೂ ಬರುತ್ತೇನೆ ಅಂತ ಮಹದೇಶ್ವರನ ಮೇಲೆ ಆಣೆ ಮಾಡಿದೆ. ಒಪ್ಪಿದಳು. ಪಾಪ, ನಾನು ಏನು ಹೇಳಿದರೂ ಒಪ್ಪುತ್ತಾಳೆ.

ಸೆಪ್ಟೆಂಬರ್ 2

ಬದುಕಿನ ಅತಿ ದೊಡ್ಡ ಹೊಗಳಿಕೆ ಇವತ್ತು ಸಿಕ್ಕಿತು. ಮರೆಯದಂತೆ ಬರೆದಿಡುತ್ತೇನೆ.

ಮತ್ತೆ ಅನ್ನ ತಿನ್ನಿಸುವ ದೃಶ್ಯ. ಕಟ್ ಅಂದ ಮೇಲೂ ಯಶೋದ ತಟ್ಟೆ ಇಡಲಿಲ್ಲ. ನನ್ನ ಬಲಗೈಯನ್ನು ಹಿಡಿದು, "ಅಣ್ಣಾ, ನನ್ನ ಬೆರಳ ಅಮುಕಿ ನೋಡವ" ಅಂದಳು. ಅಮುಕಿದೆ. "ಅಮುಕಿ ಅಣ್ಣಾ" ಅಂದಳು ಮತ್ತೆ. ಆಗಲೇ ಅಮುಕಿದ್ದೆನಲ್ಲ. ಅವಳ ಮುಖ ಬೆಳ್ಳಗಾಯಿತು. "ಅಣ್ಣಾ, ಇದು ನಟನೆ ಅಲ್ಲ" ಅಂದಳು.

ಇದು ನಟನೆ ಅಲ್ಲ. ಮೂವತ್ತು ವರ್ಷ ಕಾದಿದ್ದೆ ಈ ಮಾತಿಗೆ. ಪತ್ರಿಕೆಯವರು ಹೇಳಲಿಲ್ಲ, ನಿರ್ದೇಶಕರು ಹೇಳಲಿಲ್ಲ, ಜೊತೆಯ ಕಲಾವಿದೆ ಹೇಳಿದಳು. ಕಣ್ಣು ತುಂಬಿ ಬಂತು.

ಆಮೇಲೆ ಪದ್ಧತಿಯಂತೆ ಕ್ಯಾಮೆರಾ ನೋಡಿ ನಕ್ಕೆ. ಯಾರೂ ಚಪ್ಪಾಳೆ ತಟ್ಟಲಿಲ್ಲ. ಕ್ಯಾಮೆರಾದವನು ಕಣ್ಣು ತೆಗೆದು, "ಸಾ, ಪೂರ್ತಿ ನಗಿ" ಅಂದ. ಪೂರ್ತಿಯೇ ನಕ್ಕಿದ್ದೆ. ಮಹದೇವಪ್ರಸಾದ್ ದೂರದಿಂದ, "ಬಿಡ್ರಪ್ಪ, ಸರ್ ಪಾತ್ರದಿಂದ ಆಚೆ ಬಂದಿಲ್ಲ ಇನ್ನೂ" ಅಂದ. ನಾಳೆಯಿಂದ ನಗುವ ಪದ್ಧತಿ ಬೇಡ, ನಿಮ್ಮ ಮೂಡ್ ಕೆಡುತ್ತೆ ಅಂತ ಅವನೇ ಹೇಳಿದ. ಎಂಥ ಸೂಕ್ಷ್ಮ ಹುಡುಗ.

ಎರಡು ಪುಟ ಕೈಗೆ ಬಂತು. ದಿಂಬಿನ ಕೆಳಗಿಟ್ಟಿದ್ದೇನೆ.

ಸೆಪ್ಟೆಂಬರ್ 4

ಯಶೋದ ಇಂಥವಳು ಅಂತ ತಿಳಿದಿರಲಿಲ್ಲ.

ನಿರ್ದೇಶಕನ ಹತ್ತಿರ ಹೋಗಿ ನನಗೆ ಮೈ ಸರಿಯಿಲ್ಲ ಅಂದಿದ್ದಾಳೆ. ಅವಳಪ್ಪನಿಗೂ ಹೀಗೇ ಬಂದು ಬಂದು ಹೋಗುತ್ತಿತ್ತಂತೆ, ಬೆಳಗ್ಗೆ ಇದ್ದದ್ದು ಸಂಜೆಗೆ ಇರುತ್ತಿರಲಿಲ್ಲವಂತೆ, ಒಂದು ದಿನ ಬಂದದ್ದು ಹೋಗಲೇ ಇಲ್ಲವಂತೆ. ಮಹದೇವಪ್ರಸಾದ್ ನನ್ನನ್ನು ಕರೆದು, "ಸರ್, ಆರಾಮಿದ್ದೀರಿ ತಾನೇ? ಏನಾದ್ರೂ ಇದ್ರೆ ಹೇಳಿ, ಬರೆಯೋರು ಬೇರೆ ದಾರಿ ನೋಡ್ತಾರೆ" ಅಂದ.

ಬೇರೆ ದಾರಿ. ನನ್ನ ಕಣ್ಣು ಗೋಡೆಗೆ ಹೋಯಿತು. ಶಾಂತಮೂರ್ತಿಯ ಪಕ್ಕದಲ್ಲಿ ಒಂದು ಮೊಳೆ ಖಾಲಿ ಇತ್ತು. ಕ್ಯಾಲೆಂಡರಿನ ಮೊಳೆ.

ಸಿಟ್ಟು ನೆತ್ತಿಗೇರಿತು. ಆ ಗಳಿಗೆಯಲ್ಲಿ ನಾಲಿಗೆಯೂ ಸರಿಯಾಗಿಯೇ ತಿರುಗಿತು. "ನನಗೆ ಎರಡು ಪುಟ, ಅವಳಿಗೆ ಮೂಲೆಯಲ್ಲಿ ನಿಂತು ಅಳುವುದು. ಹೊಟ್ಟೆಕಿಚ್ಚು ಸ್ವಾಮಿ. ಅವಳು ಎದುರಿಗಿದ್ದರೆ ನನಗೆ ಆ ದಿನ ಮಾತೇ ಹೊರಡುವುದಿಲ್ಲ" ಅಂದೆ. ನಿರ್ದೇಶಕ ಬರೆಯುವವರಿಗೆ ಫೋನ್ ಮಾಡಿದ. ಆಮೇಲೆ ಒಂಬತ್ತನೇ ತಾರೀಖಿನ ದೃಶ್ಯದಿಂದ ಸೊಸೆಯನ್ನು ತೆಗೆದ. ತವರಿಗೆ ಹೋಗಿದ್ದಾಳೆ ಅಂತ ಒಂದು ಮಾತು ಸೇರಿಸಿದರೆ ಆಯಿತು.

ಹೋಗುವಾಗ ಅವಳು ನನ್ನ ಮುಂದೆ ನಿಂತಳು. "ನಿಮ್ಮ ಮನೆ ಅಕ್ಕಾರಿಗೆ ಫೋನ್ ಮಾಡ್ತೀನಿ ಅಣ್ಣಾ, ಬೈದ್ರೂ ಬೈಕೊಳ್ಳಿ" ಅಂದಳು. ಮನೆಗೆ ಬಂದವನೇ ಶಿವರತ್ನಳ ಫೋನಿನಲ್ಲಿ ಯಶೋದಳ ನಂಬರಿನಿಂದ ಕರೆ ಬರದಂತೆ ಮಾಡಿದೆ. ಎಡಗೈಯಲ್ಲಿ ಮಾಡಿದೆ, ಬಲ ಹೆಬ್ಬೆರಳು ಗಾಜಿನ ಮೇಲೆ ನಿಲ್ಲುತ್ತಿರಲಿಲ್ಲ. ಯಾರದ್ರೀ ಅಂದಳು. ಕಂಪನಿ ಫೋನು ಅಂದೆ.

ಸೆಪ್ಟೆಂಬರ್ 6

ಎರಡು ಪುಟ ಪೂರ್ತಿ ಬಾಯಿಪಾಠ. ಬರೆದವನು ಯಾರೋ, ಅವನ ಕೈಗೆ ನಮಸ್ಕಾರ. ಯಜಮಾನ ಮಂಚದಿಂದ ಎದ್ದು ಮಕ್ಕಳಿಗೆ ಹೇಳುತ್ತಾನೆ:

"ಬಾಯಿ ಓದ್ಮ್ಯಾಲ ಕಿವಿ ಚುರುಕಾಯ್ತದ ಕಣ್ರಲಾ. ಇದೇ ಮಂಚದ ಮ್ಯಾಲ ಮನಿಕಂಡು ನಿಮ್ಮೆಲ್ಲಾರ ಮಾತೂ ಕೇಳ್ದಿ. ಮುದ್ಕಂಗ ಯಾನೂ ಗೊತ್ತಾಗಕಿಲ್ಲ ಅಂದ್ರಿ. ನಾನು ಕೂಗ್ತಾನೇ ಇದ್ದಿ ಕಣ್ರಪ್ಪ. ಒಬ್ರಾದ್ರೂ ತಿರುಗಿ ನೋಡುದ್ರಾ?"

ಮನಸ್ಸಿನಲ್ಲಿ ಹೇಳಿಕೊಂಡರೆ ಮೈ ನವಿರೇಳುತ್ತದೆ. ಬಾಯಿಬಿಟ್ಟು ಹೇಳಿದರೆ 'ಕ' ಮತ್ತು 'ಗ' ಒಂದಕ್ಕೊಂದು ಅಂಟುತ್ತವೆ. ಬಿಸಿನೀರು, ಉಪ್ಪು ಮುಕ್ಕಳಿಸಿದೆ. ಜೇನುತುಪ್ಪ ನೆಕ್ಕಿದೆ. ತಿಂಗಳೆಲ್ಲ ಮೂಗನ ಪಾತ್ರ ಮಾಡಿದವನಿಗೆ ನಾಲಿಗೆ ಜಡ್ಡುಗಟ್ಟುವುದು ಸಹಜ. ಆ ದಿನ ಲೈಟು ಬಿದ್ದರೆ ತಾನಾಗಿಯೇ ಹರಿಯುತ್ತದೆ.

ಶಿವರತ್ನ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು. ಶಾಲು ತೆಗೆದಿಟ್ಟ ಮೇಲೆ, "ಅರ್ಥವೇ ಆಗ್ನಿಲ್ವಲ್ರಿ" ಅಂದಳು. ನಿನಗೆ ಅರ್ಥವಾಗಲಿ ಅಂತ ಬರೆದದ್ದಲ್ಲ ಅಂದೆ. ಅವಳು ಕುಚ್ಚಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ಅನ್ನಬಾರದಿತ್ತು.

ಸೆಪ್ಟೆಂಬರ್ 8, ಸೋಮವಾರ

ನಾಳೆ.

ಬಲ ಭುಜದ ಮೇಲಿಂದ ಶಾಲು ಜಾರುತ್ತಲೇ ಇರುತ್ತದೆ ಅಂತ ಪ್ರೇಮಾ ಇವತ್ತು ರೇಗಿದಳು. "ಮೊದ್ಲು ಇಂಗಿರ್ಲಿಲ್ಲ ಅಣ್ಣ, ನಿಮ್ ಭುಜವೇ ಇಳ್ದೋಗದ" ಅಂದಳು. ಎರಡು ಪುಟ ಒಂದೇ ಟೇಕು, ನಡುವೆ ಶಾಲು ಬಿದ್ದರೆ ಎಲ್ಲ ಹಾಳು. ಅದಕ್ಕೆ ಶಾಲನ್ನು ಜುಬ್ಬಾಕ್ಕೆ ಸೇರಿಸಿ ದಪ್ಪ ದಾರದಲ್ಲಿ ಹೊಲಿದುಬಿಟ್ಟಳು. ಎಳೆದು ನೋಡಿದೆ, ಗಟ್ಟಿ ಇದೆ. ಬೆಳಗ್ಗೆ ಮನೆಯಿಂದಲೇ ಹಾಕಿಕೊಂಡು ಬನ್ನಿ ಅಂದರು. ಬಸ್ಸು ಬೇಡ, ಗಾಡಿ ಕಳಿಸುತ್ತಾರಂತೆ. ನನ್ನ ಮನೆ ಬಾಗಿಲಿಗೆ ಕಂಪನಿಯ ಗಾಡಿ. ಬೀದಿಯವರು ನೋಡಲಿ.

ಶಿವರತ್ನಳಿಗೆ ಕಡೆಯ ಸಲ ಹೇಳಿದೆ. "ಬೆಳಗ್ಗೆ ಶಾಲು ಹಾಕಿಕೊಂಡ ಮೇಲೆ ಏನೇ ಕಂಡರೂ, ಏನೇ ಕೇಳಿಸಿದರೂ ನನ್ನನ್ನು ಕದಲಿಸಬೇಡ. ನನ್ನ ಜನ್ಮದ ದೊಡ್ಡ ದಿನ."

"ಆಯ್ತು ಬುಡಿ" ಅಂದಳು. "ಮುಗುಸ್ಕ ಬನ್ನಿ. ಬಂದ ತಕ್ಷಣ ಮೈಸೂರ್ಗ ಓಗವ." ಆಗಲೇ ಚೀಲಕ್ಕೆ ನನ್ನ ಪಂಚೆ, ಟವೆಲು ತುಂಬಿಟ್ಟಿದ್ದಾಳೆ.

ಸೆಪ್ಟೆಂಬರ್ 9, ಮಂಗಳವಾರ

ಎದ್ದಾಗ ಹಗುರವಾಗಿದ್ದೆ. ಸ್ನಾನ ಮಾಡಿ ವಿಭೂತಿ ಇಟ್ಟು ಜುಬ್ಬಾ ಹಾಕಿಕೊಂಡಿದ್ದೇನೆ. ಶಾಲಿನ ಸಮೇತ ಮೈಗೆ ಬಂತು. ಗಾಡಿ ಬರಲು ಇನ್ನೂ ಹೊತ್ತಿದೆ. ಒಮ್ಮೆ ಎದ್ದು ನಿಂತು ಪೂರ್ತಿ ಹೇಳಿ ನೋಡುತ್ತೇನೆ.

ಅದೇ ಬೆಳಗ್ಗೆ

ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಬಿದ್ದೆ. ಗೋಡೆಗೆ ಒರಗಿದ್ದೇನೆ. ಬಲಗೈ ತೊಡೆಯ ಮೇಲಿದೆ. ನನ್ನದು ಅಂತ ನೋಡಿದರೆ ಗೊತ್ತಾಗುತ್ತದೆ, ಅಷ್ಟೆ.

ಸದ್ದಿಗೆ ಶಿವರತ್ನ ಓಡಿ ಬಂದಳು. ಬಾಗಿಲಲ್ಲೇ ನಿಂತಳು. ಹೆಸರು ಹಿಡಿದು ಕರೆದೆ. ಹೆಸರು ಬರಲಿಲ್ಲ, ಆ... ಆ... ಅಂತ ಬಂತು. ಅವಳ ಕಣ್ಣಲ್ಲಿ ನೀರು. "ಸಿವನೇ, ನಿಜವಾಗ್ಲೂ ಆದಂಗೇ ಅದಲ್ಲ" ಅಂದಳು. ಒಂದು ಹೆಜ್ಜೆ ಇಟ್ಟಳು. ಶಾಲು ನೋಡಿದಳು. ಹಿಂದಕ್ಕೆ ಹೋದಳು.

ಶಾಲು ಎಳೆದೆ. ಬರುವುದಿಲ್ಲ.

ನಕ್ಕೆ. ಒಂದು ಕಡೆ ಮಾತ್ರ ನಕ್ಕಿರಬೇಕು. ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಶಿವರತ್ನಾ ಇದು ಪಾರ್ಟು ಅಲ್ಲ. ಡಾಕ್ಟರನ್ನು ಕರಿ.

ಮೇಲಿನ ಸಾಲು ಬರೆದು ಪುಸ್ತಕ ತಿರುಗಿಸಿ ಅವಳಿಗೆ ಹಿಡಿದೆ. ಮುಖ ಗೋಡೆಯ ಕಡೆ ಮಾಡಿಕೊಂಡಳು. "ನಾ ನೋಡಕಿಲ್ಲ ಕಣ್ರಿ. ನೀವು ಬ್ಯಾಡ ಅಂದದ್ದ ನಾ ಯಾವತ್ತಾದ್ರೂ ಮೀರಿದ್ದೀನಾ?"

ಹೊರಗೆ ಗಾಡಿ ನಿಂತಿತು. ಡ್ರೈವರಿಗೆ ಹೇಳುತ್ತಿದ್ದಾಳೆ. ಅಳು ನುಂಗಿಕೊಂಡು ಹೇಳುತ್ತಿದ್ದಾಳೆ.

"ಮೆಲ್ಲಗ ಎತ್ಕಂಡೋಗಿ ಕಣಪ್ಪ. ದಾರೀಲಿ ಯಾರೂ ಮಾತಾಡುಸ್ಬ್ಯಾಡಿ. ಶಾಲು ಮೈಮ್ಯಾಲದ."